ಮಾನಿಟರಿಗೆ ತೂತಿಲ್ಲದ ಕಾರ್ಡು

ಗೆಳೆಯ ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ. ಬಟ್ಟೆ ಅಂಗಡಿಯ ಕೈಚೀಲದಲ್ಲಿ ತಂದಿದ್ದೆ ಎಂದು ಅವನು ಹೇಳುತ್ತಾನೆ. ನನಗೆ ಟವೆಲ್ಲೇ ನೆನಪು, ಅದರ ಅಂಚಿನ ನೀಲಿ ಪಟ್ಟಿ ಕೂಡ. ಯಾವುದರಲ್ಲೇ ತಂದಿರಲಿ, ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು. ಬೆಲೆಬಾಳುವ ವಸ್ತುವನ್ನು ಯಾರೂ ಹಾಗೆ ಹೊತ್ತು ತರುವುದಿಲ್ಲ.

ನಮ್ಮ ಮನೆ ಮಾರೇನಹಳ್ಳಿಯಲ್ಲಿ. ಗೆಳೆಯ ಕೆಂಗೇರಿಯವನು, ಮೆಟ್ರೋ ಹತ್ತಿ ಹೊಸಹಳ್ಳಿಯಲ್ಲಿ ಇಳಿದು ನಡೆದು ಬರುತ್ತಾನೆ. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಅವನು ಕಾರ್ಡು ತಂದದ್ದು ನನಗಾಗಿ ಅಲ್ಲ, ನಮ್ಮಪ್ಪನಿಗಾಗಿ. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಅಪ್ಪ, ಮಂಡಿ ನೋವು ಹೆಚ್ಚಾದ ಮೇಲೆ, ನಾನು ಆಟಕ್ಕೆಂದು ಜೋಡಿಸಿಕೊಂಡಿದ್ದ ಕಂಪ್ಯೂಟರಿನಲ್ಲಿ ಲಾರಿ ಓಡಿಸಲು ಕೂತಿದ್ದರು. ನಿಜ ಜೀವನದಲ್ಲಿ ಸ್ಕೂಟರಿಗಿಂತ ದೊಡ್ಡದನ್ನು ಓಡಿಸಿದವರಲ್ಲ. ಮಧ್ಯಾಹ್ನದ ಊಟ ಮುಗಿಸಿ ಲಾರಿ ಹತ್ತಿದರೆ ಸಂಜೆ ಕಾಫಿಗೇ ಇಳಿಯುವುದು. ಆಟದ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡು ಕೈಕೊಟ್ಟ ಮೇಲೆ ಅವರು ಬಾಲ್ಕನಿಯಲ್ಲಿ ಸುಮ್ಮನೆ ಕೂರತೊಡಗಿದರು. ಹೊಸ ಕಾರ್ಡಿನ ಬೆಲೆ ವಿಚಾರಿಸಿ ನಾನು ಬರಿಗೈಯಲ್ಲಿ ವಾಪಸು ಬಂದಿದ್ದೆ.

"ನಮ್ಮ ಆಫೀಸಿನ ಸರ್ವರ್‌ನಲ್ಲಿದ್ದಿದ್ದು ಮಗಾ," ಎಂದ ಗೆಳೆಯ. "ಲೆಕ್ಕ ಹಾಕೋಕೆ ಅಂತಾನೇ ಮಾಡಿರೋ ಕಾರ್ಡು. ಹಳೇದಾಯ್ತು, ಬೇಕಾದವ್ರು ತಗೊಂಡೋಗಿ ಅಂದ್ರು."

"ಸುಮ್‌ಸುಮ್ನೆ ಕೊಟ್ಬಿಟ್ರಾ?"

"ಕದ್ದಿಲ್ಲ ಕಣೋ. ಅಫಿಡವಿಟ್ ಬೇಕಾ?"

ಅಪ್ಪ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ಮಾನಿಟರ್ ವೈರು ಸಿಕ್ಸೋ ತೂತೇ ಇಲ್ವಲ್ಲೋ! ಫ್ಯಾನೂ ಇಲ್ಲ. ಇದೇನು ಕಾರ್ಡಾ, ಇಸ್ತ್ರಿ ಪೆಟ್ಟಿಗೇನಾ?"

"ಚಿತ್ರ ಬಿಡಿಸೋದು ಇದು ಅಂಕಲ್, ತೋರ್ಸೋದು ಮದರ್‌ಬೋರ್ಡು. ಅಡುಗೆ ಒಬ್ರು ಮಾಡ್ತಾರೆ, ಬಡಿಸೋದು ಇನ್ನೊಬ್ರು."

ಫ್ಯಾನು ಇಲ್ಲದಿರುವುದಕ್ಕೂ ಅವನ ಬಳಿ ಉತ್ತರವಿತ್ತು. ಸರ್ವರ್ ಪೆಟ್ಟಿಗೆಯಲ್ಲಿ ಮುಂದೆ ಸಾಲಾಗಿ ಫ್ಯಾನುಗಳಿದ್ದು ಎಲ್ಲದರ ಮೇಲೂ ಗಾಳಿ ಊದುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಆ ಏರ್ಪಾಡು ಇಲ್ಲವಾದ್ದರಿಂದ ಒಂದು ಊದುವ ಫ್ಯಾನನ್ನು ನಾವೇ ಕೂಡಿಸಬೇಕಿತ್ತು. ಫ್ಯಾನಿನ ಗಾಳಿ ನೇರವಾಗಿ ಕಾರ್ಡಿನ ಒಳಗೇ ಹೋಗಲೆಂದು ದಪ್ಪನೆಯ ಲಗ್ನಪತ್ರಿಕೆಯೊಂದನ್ನು ಕತ್ತರಿಸಿ ಕೊಳವೆ ಮಾಡಿ ಟೇಪು ಸುತ್ತಿದೆವು. ಕೊಳವೆಯ ಮೇಲೆ ವಧೂವರರ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. "ಯಾರದೋ ಸಂಸಾರ ಬಿಸಿಯಾಗದೇ ಇರ್ಲಪ್ಪಾ," ಎಂದರು ಅಪ್ಪ. ಕಾರ್ಡು ಮತ್ತು ಕೊಳವೆ ಸೇರಿ ಪೆಟ್ಟಿಗೆಗಿಂತ ಉದ್ದವಾದವು. ಹಾಗಾಗಿ ಪಕ್ಕದ ಬಾಗಿಲು ಹಾಕಲಾಗದೆ ಫ್ಯಾನು ಹೊರಕ್ಕೆ ಬಾಯಿ ತೆರೆದುಕೊಂಡು ನಿಂತಿತು.

ಮಿಕ್ಸಿಯಂತೆ ಸದ್ದು ಮಾಡುತ್ತಿತ್ತು, ಆದರೆ ಕೆಲಸವನ್ನೂ ಮಾಡುತ್ತಿತ್ತು. ಲಾರಿಯ ಕನ್ನಡಿಯಲ್ಲಿ ಹಿಂದಿನ ರಸ್ತೆ ಸಹ ಸ್ಪಷ್ಟವಾಗಿ ಕಾಣುತ್ತಿದೆಯೆಂದು ಅಪ್ಪ ಸಂಭ್ರಮಪಟ್ಟರು. ನಾನು ಅವರ ಬೆನ್ನ ಹಿಂದೆ ನಿಂತು ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಅಂಕಿಯನ್ನೇ ನೋಡುತ್ತಿದ್ದೆ. ಇಂಥ ಕಾರ್ಡುಗಳನ್ನು ಹಗಲೂ ರಾತ್ರಿ ದುಡಿಸಿ, ಇನ್ನೇನು ಸಾಯುತ್ತವೆ ಎನ್ನುವಾಗ ಸಾಗಹಾಕುತ್ತಾರೆ ಎಂದು ಎಲ್ಲೋ ಓದಿದ್ದೆ. ಎಲ್ಲಿ ಓದಿದೆ ಎಂದು ಆಮೇಲೆ ಹುಡುಕಿದರೆ ಸಿಗಲಿಲ್ಲ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅಂದು ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಪಟ್ಟೆ, ಚೆಂಡುಹೂವು. ಪೂಜೆಯಾದ ಮರುದಿನ ಅಪ್ಪನ ಲಾರಿ ಕುಂಟತೊಡಗಿತು. ಸ್ವಲ್ಪ ಹೊತ್ತು ಸರಿಯಾಗಿ ಓಡಿ, ಆಮೇಲೆ ಚಿತ್ರ ಬಿಟ್ಟು ಬಿಟ್ಟು ಬಂದು, ಕೊನೆಗೆ ನಿಂತೇಬಿಡುತ್ತಿತ್ತು. ಕೋಣೆಯಲ್ಲಿ ಏನೋ ಸುಟ್ಟ ವಾಸನೆ.

"ದೇವರ ಮನೆ ವಾಸನೆ ಬಂದಂಗಿದೆ ಕಣೋ," ಎಂದರು ಅಪ್ಪ.

"ಇದು ಕಾರ್ಡು ಸುಟ್ಟ ವಾಸನೆ ಅಪ್ಪ," ಎಂದೆ. ಟಾರ್ಚ್ ಹಿಡಿದು ಪವರ್ ವೈರನ್ನು ನೋಡಿದೆ. ಸರಿಯಾಗಿಯೇ ಇತ್ತು. ಕೊಳವೆ ಬಿಚ್ಚಿ ನೋಡಬೇಕೆಂದು ಅನ್ನಿಸಲಿಲ್ಲ. ನನಗೆ ಬೇಕಾಗಿದ್ದ ಉತ್ತರ ಆಗಲೇ ಸಿಕ್ಕಿತ್ತು. ಗೆಳೆಯನಿಗೆ ಮೆಸೇಜು ಕಳಿಸಿದೆ: "ಕಾರ್ಡು ಸಾಯೋ ಸ್ಥಿತೀಲಿದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವಾ? ನಮ್ಮಪ್ಪನ್ನ ಯಾಕೋ ಆಟ ಆಡಿಸ್ದೆ?"

ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಆ ಮೌನವೂ ನನಗೆ ಸಾಕ್ಷಿಯಂತೆಯೇ ಕಂಡಿತು.

ಅಪ್ಪನಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. "ಅವನಿಗೆ ಹಂಗೆ ಬರೆದ್ಯಾ? ನಿಮ್ಮಮ್ಮನ ಆಪರೇಷನ್ ಟೈಮಲ್ಲಿ ಆಸ್ಪತ್ರೆ ವರಾಂಡದಲ್ಲಿ ಮಲಗಿದ್ದೋನು ಅವನು. ಲಾರಿ ಹಾಳಾಗಿ ಹೋಗ್ಲಿ. ಅವನು ಈ ಮನೆ ಮೆಟ್ಟಿಲು ಹತ್ತೋದು ನಿಲ್ಸಿದ್ರೆ ಏನೋ ಮಾಡ್ತೀಯ?"

ಶನಿವಾರ ಬೆಳಗ್ಗೆ ಗೆಳೆಯನೇ ಬಂದ. "ಹೇಗಿದೀರ ಅಂಕಲ್" ಎಂದು ಅಪ್ಪನನ್ನು ಮಾತ್ರ ಕೇಳಿ, ನನ್ನತ್ತ ನೋಡದೆ ನೆಲದ ಮೇಲೆ ಕೂತು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಟೇಪು ಕಿತ್ತು ಕೊಳವೆಯನ್ನು ತಲೆಕೆಳಗು ಮಾಡಿದ. ಕಂದು ಬಣ್ಣಕ್ಕೆ ತಿರುಗಿದ ಚೆಂಡುಹೂವಿನ ಎಸಳುಗಳು ಹಿಡಿ ಹಿಡಿಯಾಗಿ ನೆಲಕ್ಕೆ ಬಿದ್ದವು. ಕಾರ್ಡಿನ ಲೋಹದ ಸೀಳುಗಳ ಮುಂದೆ ಇನ್ನಷ್ಟು ಎಸಳು ಒತ್ತಿಕೊಂಡು ಚಾಪೆಯಂತೆ ಕೂತಿದ್ದವು. ಗಾಳಿ ಹೋಗಲು ದಾರಿಯೇ ಇರಲಿಲ್ಲ.

"ನಮ್ಮ ಸರ್ವರ್ ರೂಮಲ್ಲಿ ಚೆಂಡುಹೂವು ಬೆಳಿಯಲ್ಲ ಗುರು," ಎಂದ.

"ಅಪ್ಪ, ಫ್ಯಾನ್ ಬಾಯಿಗೆ ಹೂವು ಇಟ್ಟಿದ್ರಾ?" ಎಂದೆ.

"ವಿಭೂತಿ ಹಚ್ಚಿದ್ದು ನಾನು. ಹೂವು ಇಟ್ಟಿದ್ದು ನೀನು. ಅಲ್ಲಿಡಬೇಡ ಕಣೋ ಅಂತ ಹೇಳ್ದೆ ಕೂಡ."

ಅವರು ಹಾಗೆ ಹೇಳಿದ ನೆನಪೇ ನನಗಿಲ್ಲ. ನನ್ನ ನೆನಪಿನಲ್ಲಿ ಫ್ಯಾನಿನ ಬಾಯಿಗೆ ಹೂವಿಡುತ್ತಿರುವುದು ಅಪ್ಪನ ಕೈ. ಕೆಂಪು ಹರಳಿನ ಉಂಗುರ ತೊಟ್ಟ ಕೈ. ಆದರೆ ಬೆರಳು ಊದಿಕೊಂಡು ಅಪ್ಪ ಆ ಉಂಗುರ ತೆಗೆದಿಟ್ಟು ವರ್ಷಗಳೇ ಆಗಿವೆ. ನಾನು ಉಂಗುರ ತೊಡುವವನೇ ಅಲ್ಲ. ಹಾಗಾದರೆ ಅಷ್ಟು ಸ್ಪಷ್ಟವಾಗಿ ಕಾಣುವ ಆ ಕೈ ಯಾರದು? ಅಂದು ತೆಗೆದ ಫೋಟೋ ನನ್ನ ಹೆಂಡತಿಯ ಫೋನಿನಲ್ಲಿ ಇರಬಹುದು. ನಾನು ಈವರೆಗೂ ಕೇಳಿಲ್ಲ.

ಗೆಳೆಯ ಹಳೆಯ ಟೂತ್‌ಬ್ರಷ್ಷಿನಿಂದ ಕಾರ್ಡು ಉಜ್ಜಿದ. ಕಿಟಕಿಗೆ ಹಾಕಿಸಿ ಉಳಿದಿದ್ದ ಸೊಳ್ಳೆ ಜಾಲರಿಯ ತುಂಡೊಂದನ್ನು ಅಪ್ಪ ಹುಡುಕಿ ತಂದುಕೊಟ್ಟರು. ಅದನ್ನು ಫ್ಯಾನಿನ ಬಾಯಿಗೆ ಬಿಗಿದಾಯಿತು. ಲಾರಿ ಮತ್ತೆ ಓಡಿತು.

"ಇಷ್ಟು ದಿನ ನಡುರಸ್ತೇಲಿ ನಿಂತಿತ್ತಲ್ಲಪ್ಪಾ, ಲೋಡು ಕೊಳೆತುಹೋಗಿರತ್ತೆ," ಎಂದರು ಅಪ್ಪ.

"ಏನು ಅಂಕಲ್, ಟೊಮೇಟೋನಾ?"

"ಸಿಮೆಂಟು."

ಇಬ್ಬರೂ ನಕ್ಕರು. ಮೆಟ್ಟಿಲಿಳಿಯುವಾಗ ನಾನು, "ತಪ್ಪಾಯ್ತು ಕಣೋ," ಎಂದೆ.

"ಬಿಡೋ. ಹಾಸ್ಟೆಲಲ್ಲೂ ಸಾರಿಗೆ ನೀರು ಸೇರಿಸ್ತಾರೆ ಅಂತ ಮೆಸ್ ಬಾಗಿಲಲ್ಲಿ ನಿಂತು ಕಾಯ್ತಿದ್ದೋನು ನೀನು."

"ಸೇರಿಸ್ತಾನೇ ಇದ್ರು."

"ಸೇರಿಸ್ತಿದ್ರು," ಎಂದು ಒಪ್ಪಿಕೊಂಡ. ಅಷ್ಟಕ್ಕೆ ಎಲ್ಲ ಮುಗಿಯಿತು ಎಂದುಕೊಂಡೆ.

ಅವನು ಈಗಲೂ ಬರುತ್ತಾನೆ. ಆದರೆ ಏನೇ ತಂದರೂ ಮೊದಲು ನನ್ನ ಕಣ್ಣೆದುರು ಬಿಚ್ಚಿ ತೋರಿಸುತ್ತಾನೆ. ಅಪ್ಪನಿಗೆ ಹೆಡ್‌ಫೋನ್ ತಂದಾಗ ತಾನೇ ಹಾಕಿಕೊಂಡು ಕೇಳಿ, ಆಮೇಲೆ ನನ್ನ ಕಿವಿಗೂ ಇಟ್ಟ. ಕಳೆದ ಸಲ ಕೋಡುಬಳೆ ತಂದವನು, ಪೊಟ್ಟಣ ಒಡೆದು ಒಂದನ್ನು ಬಾಯಿಗೆ ಹಾಕಿಕೊಂಡು, "ನೋಡ್ಕೊಳಪ್ಪಾ, ತಿಂದೆ, ಬದುಕಿದೀನಿ. ಆಮೇಲೆ ಮೆಸೇಜ್ ಹಾಕ್ಬೇಡ," ಎಂದ. ಅಪ್ಪ ಲಾರಿ ನಿಲ್ಲಿಸಿ ನಕ್ಕರು. ನಾನೂ ನಕ್ಕೆ, ನಗುತ್ತಲೇ ಅವನ ಮುಖ ನೋಡಿದೆ.

ಅವನೂ ನಕ್ಕ ಎಂದೇ ಅಪ್ಪ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವನು ಕೋಡುಬಳೆ ಅಗಿಯುತ್ತ ನನ್ನನ್ನೇ ನೋಡುತ್ತಿದ್ದಾನೆ.