ಹೊಟ್ಟೆನೋವು ಎಂದು ಹೇಳಿದ ಮೇಲೆ

ನಮ್ಮ ದೊಡ್ಡಪ್ಪನ ಮಗಳು ಮಿರ್ಲೆಯ ಹತ್ತಿರ ನಾಲೆಯಲ್ಲಿ ಹೆಣವಾಗಿ ಸಿಕ್ಕಾಗ ನಾನು ಪಿಯುಸಿ ಓದುತ್ತಿದ್ದೆ. ಅಕ್ಕ ಎಂದೇ ಕರೆಯುತ್ತಿದ್ದೆ ಅವಳನ್ನು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆಗೆ ಕೊಟ್ಟಿದ್ದರು. ಯುಗಾದಿಗೆಂದು ತವರಿಗೆ, ನಾವೆಲ್ಲ ಒಟ್ಟಿಗಿದ್ದ ಮನೆಗೆ, ಬಂದವಳು ವಾಪಸು ಹೋಗಲಿಲ್ಲ. ಹೋಗು ಎಂದು ಯಾರೂ ಗದರಲಿಲ್ಲ, ಯಾಕೆ ಹೋಗಲಿಲ್ಲ ಎಂದು ಕೇಳಲೂ ಇಲ್ಲ. ನನಗೆ ಜಡೆ ಹಾಕುತ್ತಾ, ಸೀರಿಯಲ್ ನೋಡಿ ನಗುತ್ತಾ ಇದ್ದಳು. ಒಂದು ಮಧ್ಯಾಹ್ನ ನಾಲೆಗೆ ಬಟ್ಟೆ ಒಗೆಯಲು ಹೋದಳು. ಬಟ್ಟೆಯೆಲ್ಲ ಒಗೆದು, ಹಿಂಡಿ, ಬಕೆಟ್ಟಿನಲ್ಲಿ ನೀಟಾಗಿ ಇಟ್ಟಿದ್ದಳು.

ದೊಡ್ಡಪ್ಪ ಅಷ್ಟರಲ್ಲಾಗಲೇ ತೀರಿಕೊಂಡಿದ್ದರಿಂದ ಪೊಲೀಸರೆದುರು ಮಾತಾಡಿದ್ದು ನಮ್ಮಪ್ಪ.

"ಒಟ್ಟೆನೋವು ಸ್ವಾಮಿ. ಬಾಳ ದಿನದಿಂದ ಇತ್ತು. ತಡೀನಾರ್ದೆ ಇಂಗ್ ಮಾಡ್ಕಬುಟ್ಳು."

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಕ್ಕ ಒಂದು ದಿನವೂ ಹೊಟ್ಟೆ ಹಿಡಿದುಕೊಂಡವಳಲ್ಲ. ಅಪ್ಪ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವತ್ತೇ ತೀರ್ಮಾನಿಸಿದೆ.

ಹುಣಸೂರಿನಲ್ಲಿ ಡಿಗ್ರಿಗೆ ಸೇರಿದಾಗ ಮನಃಶಾಸ್ತ್ರ ತೆಗೆದುಕೊಂಡಿದ್ದು ಅದಕ್ಕೇ ಎಂದು ಯಾರಿಗೂ ಹೇಳಲಿಲ್ಲ. ಒಂದು ದಿನ ಮೇಡಂ ಪಾಠದ ನಡುವೆ, ಸತ್ತವರ ಮನಸ್ಸು ಹೇಗಿತ್ತೆಂದು ಅವರ ಸುತ್ತಲಿದ್ದವರನ್ನು ಕೇಳಿ ಕೇಳಿ ತಿಳಿಯುವ ವಿಧಾನವಿದೆ ಎಂದರು. ಅಪರಾಧ, ಸಾವು, ಕೋರ್ಟು ಇವುಗಳ ಮನಃಶಾಸ್ತ್ರವನ್ನೇ ಎಂ.ಎಸ್ಸಿ.ಯಲ್ಲಿ ಓದಬಹುದಂತೆ, ಫೋರೆನ್ಸಿಕ್ ಸೈಕಾಲಜಿ ಎನ್ನುತ್ತಾರಂತೆ. ಆ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡೆ. ಕೊನೆಯ ವರ್ಷ ಉತ್ತರ ಭಾರತದ ಒಂದು ವಿಶ್ವವಿದ್ಯಾಲಯಕ್ಕೆ ಪ್ರವೇಶ ಪರೀಕ್ಷೆ ಬರೆದೆ. ಸೀಟು ಸಿಕ್ಕಿತು.

ಮೇಡಂ ಸಂತೋಷಪಟ್ಟರು, ಆಮೇಲೆ ಕುರ್ಚಿ ತೋರಿಸಿ ಕೂರಿಸಿದರು. "ಸುಳ್ಳು ಹೇಳೋಕೆ ಇಷ್ಟ ಇಲ್ಲಮ್ಮ. ಓದಿ ಬಂದ್ರೆ ನಮ್ಮ ಕಡೆ ನಿನ್ನನ್ನ ಕೇಳೋರು ಕಮ್ಮಿ. ಕೆಲಸ ಸಿಗುತ್ತೆ ಅಂತ ಹೋಗಬೇಡ. ಬೇರೆ ಏನಾದ್ರೂ ಕಾರಣ ಇದ್ರೆ ಹೋಗು."

ಕಾರಣ ಇತ್ತು. ಊರಿಗೆ ಬಂದು ಮೊದಲು ಅಕ್ಕನ ತಾಯಿ ದೊಡ್ಡಮ್ಮನಿಗೆ ಹೇಳಿದೆ. ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಕ್ಕ ಯಾಕೆ ಸತ್ತಳೆಂದು ತಿಳಿದುಕೊಳ್ಳುವ ಓದು ಎಂದಾಗ ಅವಳ ಕೈ ನಿಂತಿತು.

"ಒಟ್ಟೆನೋವು ಅಂತ ಒಪ್ಕೊಂಡು ಎಂಗೋ ಎಲ್ಡ್ ತುತ್ತು ಉಣ್ತಾ ಇವ್ನಿ. ಅದೂ ಅಲ್ಲ ಅಂತ ನೀನು ಬಂದು ಏಳಿದ್ರೆ ನಾನೇನ್ ಮಾಡ್ಲಿ ಮಗಾ?"

ಅವಳು ಅಳಲಿಲ್ಲ. ಮತ್ತೆ ಕಾಯಿ ಸುಲಿಯತೊಡಗಿದಳು. ನಾನೂ ಒಂದಷ್ಟು ಸುಲಿದುಕೊಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಅಪ್ಪ ಗದ್ದೆಗೆ ನೀರು ಕಟ್ಟುತ್ತಿದ್ದ. ಬದುವಿನ ಮೇಲೆ ನಿಂತು ವಿಷಯ ಹೇಳಿದೆ. ಸನಿಕೆಯನ್ನು ಮಣ್ಣಿಗೆ ಊರಿ ಅದರ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡ.

"ಅಂಗಾದ್ರೆ ಮೊದ್ಲು ಕೇಳ್ಬೇಕಾಗಿರೋದು ನನ್ನೇ ತಾನೆ?"

ನಾನು ಚಪ್ಪಲಿ ಬಿಟ್ಟು ಗದ್ದೆಗೆ ಇಳಿದೆ.

"ಕೇಳು ಮತ್ತೆ."

"ಅಕ್ಕ ಯಾಕಪ್ಪ ಅಂಗ್ ಮಾಡ್ಕಂಡ್ಳು?"

ಸಿಟ್ಟು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. "ಗೊತ್ತಿಲ್ಲ ಕಣವ್ವ. ಅವತ್ತೂ ಗೊತ್ತಿರ್ನಿಲ್ಲ. ಒಂದೇ ಮನೇಲಿ ಉಂಡ್ಕಂಡು, ಗೊತ್ತಿಲ್ಲ ಸ್ವಾಮಿ ಅನ್ನಕ್ಕೆ ನಾಚ್ಕೆ ಆಯ್ತು. ಅದ್ಕೇ ಅಂಗಂದೆ."

ಅಷ್ಟು ವರ್ಷ ನಾನು ಅಪ್ಪನ ಮೇಲೆ ಕಟ್ಟಿಕೊಂಡಿದ್ದ ಅನುಮಾನವೆಲ್ಲ ಅಲ್ಲೇ ಕುಸಿಯಿತು. ಹಗುರವಾಗಬೇಕಿತ್ತು, ಆಗಲಿಲ್ಲ. ಮುಚ್ಚಿಟ್ಟಿದ್ದರೆ ಎಂದಾದರೂ ತೆಗೆಸಬಹುದಿತ್ತು. ಮುಚ್ಚಿಡುವುದಕ್ಕೂ ಏನೂ ಇರಲಿಲ್ಲ ಅಲ್ಲಿ. ಅವಳ ಸುತ್ತಲಿದ್ದವರು ನಾವು. ಕೇಳಿದರೆ ಹೇಳಬೇಕಾದವರೂ ನಾವೇ. ಯಾರನ್ನು ಕೇಳಲು ನಾನು ಅಷ್ಟು ದೂರ ಹೋಗಿ ಕಲಿಯಬೇಕಿತ್ತು?

"ಓಗದಾದ್ರೆ ಓಗು. ಬ್ಯಾಡ ಅನ್ನಕ್ಕಿಲ್ಲ," ಎಂದು ಅಪ್ಪ ಮತ್ತೆ ಸನಿಕೆ ಎತ್ತಿಕೊಂಡ.

ಬೇಡ ಅಂದಿದ್ದರೆ ಜಗಳವಾಡಿಯಾದರೂ ಹೊರಡುತ್ತಿದ್ದೆನೇನೋ. ಸೇರುವ ಕೊನೆಯ ದಿನ ಕಳೆಯಿತು. ಮೇಡಂ ಎರಡು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ.

ಈಗ ಕೆ.ಆರ್. ನಗರದಲ್ಲಿ ಬಿ.ಎಡ್. ಓದುತ್ತಿದ್ದೇನೆ. ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವ ತರಬೇತಿ. ಬೆಳಿಗ್ಗೆ ಅಪ್ಪ ಬಸ್‌ಸ್ಟಾಪಿನವರೆಗೆ ಬೈಕಿನಲ್ಲಿ ಬಿಡುತ್ತಾನೆ. ದಾರಿಯಲ್ಲಿ ಭತ್ತದ ವಿಷಯ, ಬಸ್ಸಿನ ವಿಷಯ ಮಾತಾಡುತ್ತೇವೆ.