ಮಂಜಿನಲ್ಲಿ ಹಕ್ಕಿ ಎಣಿಸಿದ್ದು

ಚಷ್ಮಾ ಅಂಗಡಿ ಇಟ್ಟವನ ಕಣ್ಣು ಬಹಳ ಚುರುಕಾಗಿರುತ್ತದೆ ಎಂದು ಜನ ನಂಬಿದ್ದಾರೆ. ಹಲ್ಲಿನ ಡಾಕ್ಟರಿಗೆ ಹಲ್ಲುನೋವು ಬರಬಾರದು, ಕೂದಲೆಣ್ಣೆ ಮಾರುವವನ ತಲೆ ಬೋಳಾಗಿರಬಾರದು ಎನ್ನುವ ಹಾಗೆ. ಹಾವೇರಿಯ ಪೇಟೆಯಲ್ಲಿ ನನ್ನದೊಂದು ಚಷ್ಮಾ ಅಂಗಡಿ ಇದೆ. ನನ್ನ ಮೂಗಿನ ಮೇಲೆ ಕುಳಿತಿರುವುದು ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜು. ಅದನ್ನು ತೆಗೆದರೆ ಎದುರಿನ ಗಿರಾಕಿ ಗಂಡಸೋ ಹೆಂಗಸೋ ಎಂದು ದನಿಯ ಮೇಲೆ ನಿರ್ಧರಿಸಬೇಕು. ಇಂಥವನು ವರ್ಷಕ್ಕೊಮ್ಮೆ ಕೆರೆಯ ದಂಡೆಯಲ್ಲಿ ನಿಂತು ಹಕ್ಕಿ ಎಣಿಸುವವರ ಜೊತೆ ಸೇರಿದ್ದು ಹೇಗೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ.

ರಾಣೇಬೆನ್ನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪಾಟೀಲ ಮಾಸ್ತರರು ಒಮ್ಮೆ ನನ್ನ ಅಂಗಡಿಗೆ ಎರಡು ದುರ್ಬೀನು ತಂದರು. ಮಳೆಗಾಲದ ತೇವಕ್ಕೆ ಗಾಜಿನ ಒಳಗೆ ಬೂಷ್ಟು ಹಿಡಿದಿತ್ತು. ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೊಟ್ಟೆ. ಅವರು ಅಂಗಡಿಯ ಬಾಗಿಲಲ್ಲೇ ನಿಂತು ಎದುರಿನ ಛಾವಣಿಯ ಪಾರಿವಾಳ ನೋಡಿ ಹಿಗ್ಗಿಹೋದರು. "ಜನವರಿ ಒಳಗ ನಮ್ಮ ಜೋಡಿ ನೀವೂ ಬರ್ರಿ. ಇಂಥಾ ಕಣ್ಣಿನವರು ಬೇಕಾಗ್ಯಾರ," ಎಂದರು. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರ ಎದುರು ನನ್ನ ಕಣ್ಣಿನ ಸತ್ಯ ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಹೂಂ ಎಂದೆ.

ಮೊದಲ ವರ್ಷವೇ ತೇಲುತ್ತಿದ್ದ ಒಡೆದ ಗಡಿಗೆಯೊಂದನ್ನು ನಾನು ಬಾತುಕೋಳಿ ಎಂದು ತೋರಿಸಿದೆ. ಮರುವರ್ಷದಿಂದ ಮಾಸ್ತರರು ನನಗೆ ಬರೆಯುವ ಕೆಲಸ ಕೊಟ್ಟರು. ನೋಡುವವರು ಬೇರೆ, ಬರೆಯುವವರು ಬೇರೆ. ನೋಡುವವರು ಸಂಖ್ಯೆ ಕೂಗುತ್ತಾರೆ, ಬರೆಯುವವನು ಬಾಯಿ ಮುಚ್ಚಿಕೊಂಡು ಗೀಟು ಹಾಕುತ್ತಾನೆ. ಇಬ್ಬರೂ ಬಾಯಿ ತೆರೆದರೆ ಲೆಕ್ಕ ತಪ್ಪುತ್ತದೆ. ಮಾತು ಕಡಿಮೆ ಇರುವ ಈ ಕೆಲಸ ನನಗೆ ಹಿಡಿಸಿತು.

ನನ್ನ ಪಾಲಿಗೆ ನೋಡುವವರಾಗಿ ಬಂದವರು ಗಿರಿಜಕ್ಕ. ರಾಣೇಬೆನ್ನೂರಿನ ದವಾಖಾನೆಯೊಂದರಲ್ಲಿ ಹಿರಿಯ ನರ್ಸು. ನಿವೃತ್ತಿಗೆ ಹತ್ತಿರವಾಗಿದ್ದರೂ ಕಣ್ಣು ಸೂಜಿಯ ಹಾಗೆ. ಸಾವಿರ ಜನರ ನಾಡಿ ಹಿಡಿದ ಆ ಹೆಂಗಸಿಗೆ ಯಾವುದರ ಅಂಜಿಕೆಯೂ ಇರಲಿಲ್ಲ.

ನಾನು ಹೇಳಹೊರಟ ಮುಂಜಾನೆ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಮೇಲಿನದು. ಒಂದು ತಂಡ ಗುತ್ತಲದ ಕಡೆಗೆ, ಇನ್ನೊಂದು ಹೊಳೆಗುಂಟ ಕುಮಾರಪಟ್ಟಣದ ಕಡೆಗೆ ಹೋಗಿತ್ತು. ನಮಗೆ ಬಂದದ್ದು ಮೇಡ್ಲೇರಿ ರಸ್ತೆಯ ಆಚೆಗಿನ ಒಂದು ಹಳೆಯ ಕೆರೆ. ಮಾಸ್ತರರ ಜೀಪಿನ ಎದುರು ಮಂಜು ಗೋಡೆಯ ಹಾಗೆ ನಿಂತಿತ್ತು. ಮಾಸ್ತರರು ಜೀಪು ತೆವಳಿಸುತ್ತ ಎರೆಭೂತದ ಕಥೆ ತೆಗೆದರು. ಕಪ್ಪುಮಣ್ಣಿನ ಎರೆಹೊಲದ ಬಯಲಲ್ಲಿ ಮೊದಲು ಇರುತ್ತಿದ್ದ ದೊಡ್ಡ ಹಕ್ಕಿ ಅದು. ನಿಂತರೆ ಸಣ್ಣ ಹುಡುಗನಷ್ಟು ಎತ್ತರ. ಗಂಡು ಕೂಗಿದರೆ ಖಾಲಿ ಕೊಡದೊಳಗೆ ಊದಿದಂತೆ ಬಹಳ ದೂರ ಕೇಳುತ್ತದೆ. ದನಿ ಬರುತ್ತದೆ, ಹೊಲದಲ್ಲಿ ಯಾರೂ ಕಾಣುವುದಿಲ್ಲ. ಅದಕ್ಕೇ ಹಿರಿಯರು ಹಕ್ಕಿಗೆ ಭೂತ ಎಂದು ಹೆಸರಿಟ್ಟರಂತೆ. ಈಗ ಹೆಸರು ಉಳಿದಿದೆ, ಹಕ್ಕಿ ಕಾಣುವುದಿಲ್ಲ.

"ನಸುಕಿನ್ಯಾಗ ಭೂತದ ಮಾತ್ಯಾಕ್ರೀ ಸರ?" ಎಂದರು ಗಿರಿಜಕ್ಕ. "ಸತ್ತವರು ಯಾರಿಗೂ ತ್ರಾಸ ಕೊಡಂಗಿಲ್ಲ. ನಮ್ಮ ವಾರ್ಡಿನ್ಯಾಗ ಬದುಕಿದವರದ ತ್ರಾಸ."

ನಮ್ಮನ್ನು ಕೆರೆಯ ಒಂದು ತುದಿಗೆ ಇಳಿಸಿ ಮಾಸ್ತರರು ಇನ್ನೊಂದು ತುದಿಗೆ ಹೋದರು. ಜೀಪಿನ ಸದ್ದು ಕರಗಿದ ಮೇಲೆ ಉಳಿದದ್ದನ್ನು ಮೌನ ಎಂದರೆ ಸಾಲದು. ಚಳಿಗಾಲದ ಕೆರೆ ಎಂದರೆ ಮುಂಜಾನೆಯ ಸಂತೆ. ಹೆಬ್ಬಾತುಗಳು ಗದ್ದಲ ಮಾಡುತ್ತಿರುತ್ತವೆ, ನಾಮದ ಕೋಳಿಗಳು ನೀರು ಬಡಿಯುತ್ತಿರುತ್ತವೆ. ಅಂದು ಒಂದೂ ಉಸಿರೆತ್ತಲಿಲ್ಲ. ಆದರೂ ಕೆರೆ ಖಾಲಿ ಇಲ್ಲ ಎನ್ನುವುದು ಮೈಗೆ ತಿಳಿಯುತ್ತಿತ್ತು. ಕತ್ತಲೆಯ ಕೋಣೆಗೆ ಹೋದಾಗ ಅಲ್ಲಿ ಯಾರೋ ಕುಳಿತಿದ್ದಾರೆ ಎಂದು ತಿಳಿಯುವ ಹಾಗೆ. ನನ್ನ ಚಷ್ಮಾದ ಮೇಲೆ ಮಂಜು ಕೂತು ಲೋಕವೆಲ್ಲ ಹಾಲಾಗಿತ್ತು. ಒರೆಸಿದೆ, ಮತ್ತೆ ಕೂತಿತು. ಒರೆಸುವುದನ್ನು ಬಿಟ್ಟೆ.

ಎಣಿಸುವುದರ ಬಗ್ಗೆ ನಮ್ಮ ಮನೆಯಲ್ಲಿ ಒಂದು ಅಳುಕು ಮೊದಲಿನಿಂದ ಇತ್ತು. ಅಜ್ಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಚೀಲ ಎಣಿಸುವಾಗ ಒಂದು ಎನ್ನುತ್ತಿರಲಿಲ್ಲ, 'ಲಾಭ' ಎಂದು ಶುರು ಮಾಡಿ ಎರಡಕ್ಕೆ ಹೋಗುತ್ತಿದ್ದ. ಅಜ್ಜಿಯಂತೂ ಮಲಗಿದ ಮೊಮ್ಮಕ್ಕಳನ್ನು ಎಣಿಸಲು ಯಾರಿಗೂ ಬಿಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ನಾವು ಎಣಿಸಿದ್ದನ್ನ ಮತ್ತೊಬ್ಬರೂ ಕೇಳಿಸ್ಕೋತಾರ," ಎನ್ನುತ್ತಿದ್ದಳು. ಆ ಮತ್ತೊಬ್ಬರು ಯಾರು ಎಂದು ಎಂದೂ ಹೇಳಲಿಲ್ಲ. ಹಾಸಿಗೆಯಲ್ಲಿ ನಾವು ಹುಡುಗರು ಅದನ್ನೇ ಯೋಚಿಸಿ ಮುಸುಕು ಹಾಕಿಕೊಳ್ಳುತ್ತಿದ್ದೆವು.

ಗಿರಿಜಕ್ಕ ದುರ್ಬೀನು ಎತ್ತಿದರು. ಒಂದು ಕಡೆ ಮಂಜು ಚೂರು ಹರಿದು ಕಿಟಕಿಯಷ್ಟು ನೀರು ಕಾಣುತ್ತಿತ್ತು. ಆ ಕಿಟಕಿಯಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸದ್ದಿಲ್ಲದೆ ತೇಲಿ ಹೋಗುತ್ತಿದ್ದವಂತೆ. ಅವರು ಹತ್ತರ ಗುಂಪಿನಲ್ಲಿ ಎಣಿಸತೊಡಗಿದರು.

"ಹತ್ತು."

ನಾನು ಗೀಟು ಹಾಕಿದೆ. ನೀರಿನ ಮೇಲಿಂದ ಸಣ್ಣಗೆ ಇನ್ನೊಂದು ದನಿ ಬಂತು. "ಹತ್ತು."

ಕೆರೆಯ ಏರಿಗೆ ಬಡಿದು ದನಿ ಮರಳುತ್ತದೆ, ಅದರಲ್ಲೇನೂ ವಿಶೇಷವಿಲ್ಲ ಎಂದುಕೊಂಡೆ.

"ಇಪ್ಪತ್ತು," ಎಂದರು ಗಿರಿಜಕ್ಕ. "ಇಪ್ಪತ್ತು," ಎಂದಿತು ಮಂಜು. ಹೆಂಗಸಿನ ದನಿ ಗಂಡಸಿನದಾಗಿ ಮರಳುತ್ತದೆಯೇ ಎನ್ನುವ ಪ್ರಶ್ನೆ ನನ್ನ ತಲೆಯೊಳಗೆ ಬಂತು. ಅದನ್ನು ಅಲ್ಲೇ ಅದುಮಿದೆ.

"ಮೂವತ್ತು." ಅವರು ದುರ್ಬೀನು ಇಳಿಸಿ ಸೆರಗಿನಿಂದ ಗಾಜು ಒರೆಸತೊಡಗಿದರು. ಈ ಸಲ ಏನೂ ಮರಳಿ ಬರಲಿಲ್ಲ. ನನಗೆ ಸಮಾಧಾನವಾಯಿತು. ಆಗ, ಅವರು ಇನ್ನೂ ಒರೆಸುತ್ತಿರುವಾಗಲೇ, ಎದುರಿನ ಬಿಳಿಯೊಳಗಿಂದ ಯಾರೋ ಸ್ಪಷ್ಟವಾಗಿ ಹೇಳಿದರು: "ನಲವತ್ತು."

ಗಿರಿಜಕ್ಕನ ಕೈ ನಿಂತಿತು. "ನೀವಂದ್ರೇನು?" ಎಂದು ಪಿಸುಗುಟ್ಟಿದರು. ನಾನು ತಲೆ ಅಲ್ಲಾಡಿಸಿದೆ.

ಅವರು ವಾರ್ಡಿನಲ್ಲಿ ಕೂಗುವ ದನಿಯಲ್ಲಿ ಕೂಗಿದರು: "ಯಾರದೀರಿ ಅಲ್ಲಿ? ಮಾತಾಡ್ರಿ!"

ಅಷ್ಟು ದೊಡ್ಡ ಕೂಗಿಗೆ ಒಂದು ಹಕ್ಕಿಯೂ ಹಾರಲಿಲ್ಲ. ನನಗೆ ಹೆದರಿಕೆ ಹೆಚ್ಚಿಸಿದ್ದು ಅದೇ. "ಹೋಗೂಣ್ರೀ ಅಕ್ಕಾ," ಎಂದೆ. "ಮಾಸ್ತರ್ನ ಕರಕೊಂಡು ಬರೂಣು."

ಅವರ ಮುಖವೂ ಬಿಳುಪೇರಿತ್ತು. ಆದರೂ ದುರ್ಬೀನನ್ನು ಕೊರಳಿಗೆ ಸರಿಯಾಗಿ ಹಾಕಿಕೊಂಡರು. "ದನಿ ಬಂತು ಅಂದಮ್ಯಾಗ ಬಾಯಿ ಐತಿ. ಬಾಯಿ ಐತಿ ಅಂದಮ್ಯಾಗ ಮನಷ್ಯಾ ಅದಾನ. ನಡೀರಿ," ಎಂದು ಮಂಜಿನೊಳಗೆ ಹೊರಟರು. ಒಬ್ಬನೇ ಉಳಿಯುವ ಧೈರ್ಯ ಇಲ್ಲದ್ದರಿಂದ ನಾನೂ ಚಷ್ಮಾ ಒರೆಸಿಕೊಳ್ಳುತ್ತ ಹಿಂದೆ ಹೋದೆ. ನೋಡುವವರಿಗೆ ಅದು ಶೌರ್ಯದಂತೆ ಕಂಡಿದ್ದರೆ ನನ್ನ ಅಭ್ಯಂತರವಿಲ್ಲ.

ದಂಡೆಯ ಮೇಲೆ ಒಂದು ಜಾಲಿಗಿಡ ಎದುರಾಯಿತು. ಅದರ ಬೊಡ್ಡೆಗೆ ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ಕೊನೆ ಕಾಣುತ್ತಿರಲಿಲ್ಲ, ಅದು ಬಿಗಿಯಾಗಿ ಮಂಜಿನೊಳಗೆ ಹೋಗಿತ್ತು. ಮುಟ್ಟಿದೆ. ಆಗೊಮ್ಮೆ ಈಗೊಮ್ಮೆ ಅದು ನಡುಗುತ್ತಿತ್ತು, ಗಾಳಕ್ಕೆ ಏನೋ ಬಿದ್ದ ಹಾಗೆ. ಅದನ್ನೇ ಹಿಡಿದು ಜೊಂಡಿನ ನಡುವೆ ಇಳಿದೆವು. ಹತ್ತು ಮಾರು ಹೋಗಿರಬೇಕು. ಗಿರಿಜಕ್ಕ ಥಟ್ಟನೆ ನಿಂತರು.

ನೀರಿನ ಮೇಲೆ ಒಂದು ತಲೆ ಇತ್ತು. ಬರೀ ತಲೆ. ಕಣ್ಣು ತೆರೆದು ನಮ್ಮನ್ನೇ ನೋಡುತ್ತಿತ್ತು.

"ಜೀವ ಐತಿ. ಮಲಕ್ಕೊಳ್ರಿ!" ಎಂದರು ಗಿರಿಜಕ್ಕ. ಯಾಕೆ ಎಂದು ಅರ್ಥವಾಗುವ ಮೊದಲೇ ನಾನು ಜೊಂಡಿನ ಮೇಲೆ ಬೋರಲು ಬಿದ್ದಿದ್ದೆ. ನಿಂತು ಹೋದರೆ ನಾನೂ ಹೂಳಿನಲ್ಲಿ ಇಳಿದುಬಿಡುತ್ತಿದ್ದೆ. ಮುಂದಕ್ಕೆ ತೆವಳುವಾಗ ಚಷ್ಮಾ ಕಳಚಿ ರಾಡಿಗೆ ಬಿತ್ತು. ಅಲ್ಲಿಂದ ಮುಂದೆ ನಡೆದದ್ದನ್ನು ನಾನು ನೋಡಲೇ ಇಲ್ಲ. ಕೈಚಾಚಿ ತಡಕಾಡಿದೆ. ಬೆರಳಿಗೆ ಇನ್ನೊಂದು ಕೈ ಸಿಕ್ಕಿತು. ಅದು ಮನುಷ್ಯನ ಕೈಯ ಹಾಗಿರಲಿಲ್ಲ, ಕೆರೆಯೇ ಬೆರಳು ಮಾಡಿಕೊಂಡ ಹಾಗೆ ತಣ್ಣಗಿತ್ತು. ಬಿಟ್ಟುಬಿಡಬೇಕೆನಿಸಿತು. ಅಷ್ಟರಲ್ಲಿ ಅದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಇನ್ನು ಬಿಡುವ ಪ್ರಶ್ನೆ ನನ್ನದಾಗಿರಲಿಲ್ಲ.

ಹಿಂದಿನಿಂದ ಗಿರಿಜಕ್ಕ ಹಗ್ಗ ಜಗ್ಗಿದರು, ನಾನು ಕೈ ಜಗ್ಗಿದೆ, ಇಬ್ಬರೂ ಮಾಸ್ತರರ ಹೆಸರು ಹಿಡಿದು ಒದರಿದೆವು. ಕೊನೆಗೆ ಹೂಳು ದೊಡ್ಡದೊಂದು ಸದ್ದು ಮಾಡಿ ಅವನನ್ನು ಬಿಟ್ಟುಕೊಟ್ಟಿತು. ದಂಡೆಗೆ ಎಳೆದು ಹಾಕಿದಾಗ ಅವನು ಕೇಳಿದ ಮೊದಲ ಮಾತು, "ಫಾರೆಸ್ಟಿನವ್ರಾ?"

"ಅಲ್ಲಪಾ. ದವಾಖಾನಿಯವರು," ಎಂದರು ಗಿರಿಜಕ್ಕ, ಅವನ ಎದೆ ತಿಕ್ಕುತ್ತ.

ಜಾಲಿಗೆ ಕಟ್ಟಿದ್ದ ಹಗ್ಗದ ಕೊನೆಯಲ್ಲಿದ್ದ ಬಲೆ ಅವನ ಸೊಂಟಕ್ಕೆ ಸುತ್ತಿಕೊಂಡಿತ್ತು. ಹೆಸರು ನಿಂಗಪ್ಪ, ಅಲ್ಲೇ ಹತ್ತಿರದ ಊರಿನವನು. ಹೆಬ್ಬಾತು ಹಿಡಿಯಲು ಇನ್ನೂ ಕತ್ತಲಿರುವಾಗ ಕೆರೆಗೆ ಇಳಿದಿದ್ದಾನೆ. ಬೇಸಿಗೆಯಲ್ಲಿ ಯಾರೋ ಮಣ್ಣು ತೆಗೆದ ಗುಂಡಿಯ ಹೂಳಿನಲ್ಲಿ ಕಾಲು ಸಿಕ್ಕಿಕೊಂಡಿದೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ. ಆಮೇಲೆ ನಮ್ಮ ದನಿ ಕೇಳಿದಾಗ ಕೂಗಲು ಅಂಜಿಕೆ, ಕೂಗದಿರಲು ಇನ್ನೂ ಅಂಜಿಕೆ.

ಮಾಸ್ತರರು ಓಡಿ ಬಂದರು. ಬಲೆ ನೋಡಿದ ಕೂಡಲೇ ಅವರ ದನಿ ಏರಿತು. "ನಾವು ಎಣಿಸಾಕ ಬರೂದು, ನೀನು ಹಿಡಿಯಾಕ ಬರೂದು! ನಾಚಿಕಿ ಆಗಂಗಿಲ್ಲೇನು ನಿನಗ?" ಎಂದು ಗದರಿಸುತ್ತಲೇ ತಮ್ಮ ಸ್ವೆಟರ್ ಕಳಚಿ ಅವನಿಗೆ ತೊಡಿಸಿದರು. ತೋಳು ಹಾಕುವಾಗಲೂ ಬೈಗುಳ ನಿಂತಿರಲಿಲ್ಲ.

ಜೀಪು ಹೊರಡುವಾಗ ಬಿಸಿಲು ಬಿತ್ತು. ಮಂಜು ಏಳತೊಡಗಿತು. ನನಗೆ ಕಾಣಲಿಲ್ಲ, ಗಿರಿಜಕ್ಕ ಹೇಳಿದರು: ಕೆರೆಯ ತುಂಬ ಹಕ್ಕಿಗಳಿದ್ದವು. ನಾವು ಬೋರಲು ಬಿದ್ದಿದ್ದ ಜೊಂಡಿನ ಸುತ್ತಲೂ, ಕಲ್ಲೆಸೆತದಷ್ಟು ಸಮೀಪದಲ್ಲಿ, ನೂರಾರು ಹೆಬ್ಬಾತುಗಳು ಕತ್ತು ನೆಟ್ಟಗೆ ಮಾಡಿ ನಿಂತಿದ್ದವು. ಅಷ್ಟು ಹೊತ್ತೂ ಅವು ನಮ್ಮನ್ನೇ ನೋಡುತ್ತಿದ್ದವು. ಆ ವರ್ಷದ ಪಟ್ಟಿಯಲ್ಲಿ ನಮ್ಮ ಕೆರೆಯ ಎದುರು ಮಾಸ್ತರರು ಸಂಖ್ಯೆ ಬರೆಯಲಿಲ್ಲ, 'ಮಂಜು' ಎಂದು ಬರೆದರು.

ನಿಂಗಪ್ಪ ಬದುಕಿದ. ಮುಂದಿನ ಬೇಸಿಗೆಯಲ್ಲಿ ತಾಯಿಗೆ ಚಷ್ಮಾ ಮಾಡಿಸಲು ನನ್ನ ಅಂಗಡಿಗೇ ಬಂದ. ಕೆರೆಗೆ ಇಳಿಯುವುದನ್ನು ಬಿಟ್ಟಿದ್ದೇನೆ ಎಂದ. ನಾನು ಮುದುಕಿಯ ಕಣ್ಣಿಗೆ ಗಾಜು ಬದಲಿಸಿ ಹಾಕುತ್ತಿದ್ದಾಗ ಸ್ಟೂಲಿನ ಮೇಲೆ ಕುಳಿತು ಮೆಲ್ಲಗೆ ಕೇಳಿದ: "ಸಾಹುಕಾರ್ರ, ಅವತ್ತ ನೀವು ಯಾಕ ಎಣಿಸಿದ್ರಿ?"

"ನಾನೆಲ್ಲಿ ಎಣಿಸಿದ್ನೋ? ಎಣಿಸಿದವರು ಅಕ್ಕಾರು. ನೀನು ಅವರ ಹಿಂದ ಅಂದಿ."

"ಹೌದ್ರಿ. ಹತ್ತು, ಇಪ್ಪತ್ತು ಅಂದಾಂವ ಖರೇ ನಾನ. ಅವರು ಎಣಿಸೂದು ನಿಂತರ ನನ್ನ ಜೀವಾನೂ ನಿಂತೀತು ಅನಸಾಕತ್ತಿತ್ತು. ಆಮ್ಯಾಲ ದವಡಿ ಸೆಟದು ಹೋತ್ರಿ. ಮೂವತ್ತು ಅನ್ನಾಕ ಆಗಲಿಲ್ಲ." ಅವನು ತಾಯಿಯ ಕಡೆ ನೋಡಿ ದನಿ ಇನ್ನೂ ಇಳಿಸಿದ. "ನಲವತ್ತು ಅಂದಾಂವ ನಾನಲ್ಲರಿ. ಅದು ನನ್ನ ಬೆನ್ನ ಹಿಂದಿಂದ ಬಂತು. ನೀವ ಅಂತ ತಿಳದಿದ್ದೆ."

ನನ್ನ ಕೈಯ ಗಾಜು ಮುದುಕಿಯ ಮೂಗಿನ ಎದುರೇ ನಿಂತಿತು. "ಏನೂ ಕಾಣವಲ್ದೋ ಯಪ್ಪಾ," ಎಂದಳು ಅವಳು.

ಆ ಸಂಜೆ ಗಿರಿಜಕ್ಕನಿಗೆ ಫೋನು ಮಾಡಿದೆ. ಅವರು ನಕ್ಕರು. ಥಂಡಿಯಲ್ಲಿ ಸೆಟೆದುಕೊಂಡವರಿಗೆ ತಮ್ಮ ಬಾಯಿಂದ ಏನು ಬಂತು ಎನ್ನುವುದು ನೆನಪಿರುವುದಿಲ್ಲ, ತಮ್ಮ ದನಿಯೇ ಬೇರೆಯವರದೆನಿಸುತ್ತದೆ, ವಾರ್ಡಿನಲ್ಲಿ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. ನನಗೆ ಒಪ್ಪಿಗೆಯಾಯಿತು. ಫೋನು ಇಡುವ ಮುಂಚೆ ಅವರೇ ಸ್ವಲ್ಪ ತಡೆದು, "ಆದರೂ ಆ ದನಿ ನಡಗತಿರಲಿಲ್ಲ, ನೋಡ್ರಿ," ಎಂದರು.

ಈಗಲೂ ಪ್ರತಿ ಜನವರಿ ಕೆರೆಗೆ ಹೋಗುತ್ತೇನೆ. ವಾರ್ಡಿನ ವಿವರಣೆಯನ್ನು ಬಿಸಿಲಿರುವಾಗ ಪೂರ್ತಿ ನಂಬುತ್ತೇನೆ, ಮಂಜಿದ್ದಾಗ ಅದರ ಬಗ್ಗೆ ಮಾತು ತೆಗೆಯುವುದಿಲ್ಲ. ಹೆದರಿಕೆಯಂತೂ ಹೋಗಿದೆ. ನಾವಿಬ್ಬರೂ ಹಕ್ಕಿಗಳ ಮೇಲೆ ಕಣ್ಣಿಟ್ಟು ನಿಂತಿದ್ದಾಗ ಅಲ್ಲೊಬ್ಬ ಮನುಷ್ಯ ಲೆಕ್ಕಕ್ಕೆ ಸಿಗದೆ ಮುಳುಗುತ್ತಿದ್ದ. ಆ ದನಿ ಯಾರದೇ ಆಗಿರಲಿ, ಅವನನ್ನು ಬಿಟ್ಟು ಮುಂದೆ ಎಣಿಸಲು ಅದು ನಮಗೆ ಬಿಡಲಿಲ್ಲ.