ಪಕ್ಕದ ಮನೆಯ ಕ್ರಿಸ್‌ಮಸ್ ಕೇಕು

ಗೆಳೆಯರೇ, ಇವತ್ತು ಮೆಹದಿಪಟ್ಟಣಂನ ನಮ್ಮ ಫ್ಲಾಟಿನಲ್ಲಿ ಪ್ರೀತಿ ಹೆಚ್ಚಾಗಿ ತಿಂಡಿ ಕೆಟ್ಟಿತು.

ಪಕ್ಕದ ಮನೆಯ ಮೇರಿ ಆಂಟಿ ಪ್ರತಿ ಕ್ರಿಸ್‌ಮಸ್‌ಗೂ ಕೇಕು ತರುತ್ತಾರೆ. ನಮ್ಮದು ಮೊಟ್ಟೆ ಮುಟ್ಟದ ಮನೆ. ಹಾಗಾಗಿ ಕೇಕು ಗುಟ್ಟಾಗಿ ವಾಚ್‌ಮನ್ ಮನೆ ಸೇರುತ್ತದೆ. ಈ ಸಲ ಮಾತ್ರ ನನ್ನ ಅತ್ತೆ ಬೆಳಿಗ್ಗೆಯೇ ಘೋಷಿಸಿದರು: "ಅಷ್ಟು ಪ್ರೀತಿಲೆ ತರ್ತಾರ. ತತ್ತಿ ಇದ್ರೂ ಇರ್ಲಿ, ಒಂದು ತುಣುಕು ತಿಂತೀನಿ. ದೇವರಿಗೂ ಹೇಳೀನಿ." ಪ್ರತಿ ವರ್ಷದಂತೆ ಆಂಟಿಗೆಂದು ತಾವೇ ಕೂತು ಹೋಳಿಗೆಯನ್ನೂ ಮಾಡಿದರು.

ಆಂಟಿ ಬಂದರು. ಅತ್ತೆ ಕಣ್ಣು ಮುಚ್ಚಿ ಕೇಕು ಬಾಯಿಗಿಟ್ಟರು.

"ತಿನಂಡಿ ಅಮ್ಮಾ! ಈಸಾರಿ ಗುಡ್ಡು ವೆಯ್ಯಲೇದು, ಮೀ ಕೋಸಮೇ!" ಎಂದರು ಆಂಟಿ ತೆಲುಗಿನಲ್ಲಿ. ನಮಗೋಸ್ಕರ ಮೊಟ್ಟೆಯನ್ನೇ ಹಾಕಿಲ್ಲವಂತೆ! ನಮ್ಮ ಗುಟ್ಟನ್ನು ವಾಚ್‌ಮನ್ ಹೆಂಡತಿ ಎಂದೋ ಹೇಳಿದ್ದಳಂತೆ. ಅತ್ತೆಯ ಮುಖ ಇಳಿಯಿತು. ವರ್ಷಗಟ್ಟಲೆ ಕಾಪಾಡಿದ ಮಡಿಯನ್ನು ಬಿಡಲು ಸಿದ್ಧರಾದ ದಿನವೇ ಹೀಗಾಗಬೇಕೆ?

ಈಗ ಹೋಳಿಗೆಯ ಸರದಿ. ಆಂಟಿಗೆ ಶುಗರ್. ಈ ಒಂದು ಹೋಳಿಗೆಯ ಆಸೆಗೆ ನಿನ್ನೆಯಿಂದ ಅನ್ನ ಬಿಟ್ಟಿದ್ದರಂತೆ. ಅತ್ತೆ ಹೆಮ್ಮೆಯಿಂದ ತಟ್ಟೆ ಮುಂದಿಟ್ಟರು: "ಬೇಕಾದಷ್ಟು ತಿನ್ರಿ. ನಿಮಗ ಶುಗರ್ ಐತಂತ ಈ ಸಲ ಬೆಲ್ಲನ ಹಾಕಿಲ್ರಿ."

ಇಬ್ಬರೂ ಬಹಳ ಹೊತ್ತು ಅಗಿದರು. ಇಬ್ಬರೂ ಬಾಯಿತುಂಬ ಹೊಗಳಿದರು. ಎರಡನೆಯ ತುಣುಕನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

ಆಂಟಿ ಹೋದ ಮೇಲೆ ಅತ್ತೆ ನನ್ನನ್ನು ಒಳಗೆ ಕರೆದರು.

"ಮುಂದಿನ ವರ್ಷ ಅವರಿಗೆ ನೀನ ಹೇಳವಾ. ನಮ್ಮ ಮ್ಯಾಲೆ ಇಷ್ಟು ಪ್ರೀತಿ ಬ್ಯಾಡ, ಎರಡು ತತ್ತಿ ಸಾಕು."